ನೀರು ಸೋಸುವ ಬಟ್ಟೆಯ ಅಂಗಿ

ಎರಡನೇ ಮಹಾಯುದ್ಧದ ಕಾಲದಲ್ಲಿ ನಾನು, ಅಕ್ಕ, ಅವಳ ಐದು ವರ್ಷದ ಮಗಳು ತಿಕೋಟಾ ಬಿಟ್ಟು ವಿಜಾಪುರಕ್ಕೆ ಹೋದೆವು. ರಸ್ತೆಗೆ ಖಡಿ, ಅಂದರೆ ಜಲ್ಲಿಕಲ್ಲು, ಒಡೆಯುವ ಕೆಲಸ. ಊರ ಹೊರಗೆ ಹತ್ತಾರು ಗುಡಿಸಲು, ಎಲ್ಲಕ್ಕೂ ಒಂದೇ ಮೆಟ್ಟಿಲ ಬಾವಿ. ಇಳಿದು ಹೋಗಿ ಕೊಡ ಮುಳುಗಿಸಬೇಕು.

ಹುಡುಗಿಯ ಹಿಮ್ಮಡಿಯಲ್ಲಿ ನಾರುಹುಣ್ಣು ಎದ್ದಿತ್ತು. ಹುಣ್ಣಿನಿಂದ ದಾರದಂಥ ಹುಳ ಹೊರಗೆ ಬರುತ್ತದೆ. ಅದನ್ನು ಕಸಬರಿಗೆ ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಗಲ ಎಳೆಯಬೇಕು. ನಡುವೆ ಹರಿದರೆ ಕಾಲು ಬಾತು ಕೀವಾಗುತ್ತದೆ, ಕುಂಟಾಗುವುದೂ ಉಂಟು. ತಣ್ಣೀರಲ್ಲಿ ಕಾಲಿಟ್ಟರೆ ಹುಳ ಸಲೀಸಾಗಿ ಬರುತ್ತದೆ. ಅದಕ್ಕೇ ಅಕ್ಕ ದಿನಾ ಮಗಳನ್ನು ಬಾವಿಯ ಕೊನೆಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂರಿಸುತ್ತಿದ್ದಳು. ನಾರು ಎದ್ದವರೆಲ್ಲ ಹಾಗೇ ಕೂರುತ್ತಿದ್ದರು. ಪಕ್ಕದಲ್ಲೇ ಕುಡಿಯುವ ನೀರು ತುಂಬುತ್ತಿದ್ದೆವು.

ಒಂದು ದಿನ ಆರೋಗ್ಯ ಖಾತೆಯ ಸಾಹೇಬರು ಬಂದರು. ಬೂಟು ತೊಟ್ಟಿದ್ದರು, ಬಾವಿಗೆ ಇಳಿಯಲಿಲ್ಲ. ಮೇಲೆ ನಿಂತೇ ಒಂದು ತಾಸು, ನೀರು ಸೋಸಿ ಕುಡಿಯಿರಿ ಎಂದು ಕಾಗದ ನೋಡಿ ಹೇಳಿದರು. ಆಮೇಲೆ ಕೊಡದ ಬಾಯಿಗೆ ಕಟ್ಟಿ ಸೋಸಲೆಂದು ಗುಡಿಸಲಿಗೊಂದು ತುಂಡು ಬಿಳಿ ಬಟ್ಟೆ ಹಂಚಿದರು. ಭಾಷಣ ಅರ್ಧ ತಿಳಿಯಿತು, ಬಟ್ಟೆ ಪೂರ್ತಿ ತಿಳಿಯಿತು. ಆಗ ಬಟ್ಟೆಗೆ ರೇಷನ್.

“ಹೊಸಾ ಬಟ್ಟಿ ಕೊಡಕ್ಕ ಕಟ್ಟೂದಾ? ಕೊಡದ್ದೇನ್ ಲಗ್ನ ಐತೇನ್ಲೇ?” ಎಂದಳು ಅಕ್ಕ.

ಎಂಟು ದಿನಕ್ಕೆ ಗುಡಿಸಲುಗಳ ಮಕ್ಕಳೆಲ್ಲ ಬಿಳಿ ಅಂಗಿ ತೊಟ್ಟವು. ಬೆನ್ನ ಮೇಲೆ ಬಟ್ಟೆಗೆ ಒತ್ತಿದ್ದ ಸರಕಾರದ ನೀಲಿ ಸಿಕ್ಕಾ.

ಸಾಹೇಬರು ಮತ್ತೆ ಬಂದರು. ಮಕ್ಕಳು ಎಷ್ಟು ಸ್ವಚ್ಛ ಇವೆ ಎಂದು ಖುಷಿಪಟ್ಟರು. ಒಂದು ಮಗು ಬೆನ್ನು ತಿರುಗಿಸಿತು. ಸಾಹೇಬರು ಸಿಕ್ಕಾ ನೋಡಿದರು, ಮುಖ ಕೆಂಪಾಯಿತು. ಈ ಸಲ ಬೂಟು ಸಮೇತ ಬಾವಿಗೆ ಇಳಿದರು. ಅಲ್ಲಿ ಅಕ್ಕ ಮಗಳ ಕಾಲನ್ನು ನೀರಲ್ಲಿ ಹಿಡಿದು ಕೂತಿದ್ದಳು.

“ಏ, ಕಾಲು ತಗಿ ಮೊದಲ! ಆ ಹುಣ್ಣಿನಿಂದನ ನೀರು ಕೆಡೂದು! ಅದನ್ನ ಕುಡದವರಿಗೆ ನಾರು ಏಳೂದು!”

ಆ ದನಿಗೆ ಹೆದರಿ ಅಕ್ಕ ಮಗಳನ್ನು ಎಳೆದುಕೊಂಡಳು. ಕಡ್ಡಿ ಕಲ್ಲಿಗೆ ಸಿಕ್ಕಿತು. ಹುಳ ಹರಿಯಿತು.

ಅಕ್ಕ ಕಡ್ಡಿ ಎತ್ತಿ ಸಾಹೇಬರಿಗೆ ತೋರಿಸಿದಳು. “ಕಾಲು ಇಡಬ್ಯಾಡ್ರಿ ಅಂತ ಅವತ್ತ ಯಾಕ ಹೇಳ್ಲಿಲ್ರಿ?”

“ಕಾಗದದಾಗ ಸೋಸೂದಷ್ಟ ಇತ್ತು,” ಎಂದರು ಸಾಹೇಬರು. ಸುಳ್ಳೇನಲ್ಲ.

ಕಾಲು ಬಾತು ಹುಡುಗಿಯನ್ನು ಎರಡು ತಿಂಗಳು ಮಲಗಿಸಿತು. ವಿಜಾಪುರದ ಕೆಲಸ ಮುಗಿದು ಬಬಲೇಶ್ವರಕ್ಕೆ ಹೋಗುವಾಗ ಹುಡುಗಿ ಕುಂಟುತ್ತಿದ್ದಳು.

ಅಲ್ಲೂ ಮೆಟ್ಟಿಲ ಬಾವಿಯೇ. ಹೋದ ದಿನವೇ ಅಕ್ಕ ಮಗಳ ಆ ಬಿಳಿ ಅಂಗಿಯ ಹೊಲಿಗೆ ಬಿಚ್ಚಿ, ಸಿಕ್ಕಾ ಸಮೇತ ಕೊಡದ ಬಾಯಿಗೆ ಕಟ್ಟಿದಳು. ಕೆಳಗೆ ಒಬ್ಬ ಹೆಂಗಸು ನಾರು ಎದ್ದ ಕಾಲನ್ನು ನೀರಿಗೆ ಬಿಟ್ಟು ಕೂತಿದ್ದಳು.

“ಕಾಲು ತಗಿ ಬೇ. ಮನ್ಯಾಗ ಕಬ್ಬಿಣದ ಬುಟ್ಟ್ಯಾಗ ನೀರು ಹಾಕ್ಕೊಂಡು ಇಡು,” ಎಂದಳು ಅಕ್ಕ ಮೆಲ್ಲಗೆ. “ಗಡಬಡಿಸಬ್ಯಾಡ. ಕಡ್ಡಿ ಹಿಡ್ಕೊಂಡು ಸಾವಕಾಶ ತಗಿ.”

“ನೀ ಯಾವ ಊರ ಸಾಹೇಬ್ತಿ ಬೇ?”

ಅಕ್ಕನಿಗೆ ಭಾಷಣ ಬರುತ್ತಿರಲಿಲ್ಲ. ಮೇಲೆ ತಿರುಗಿ ಮಗಳನ್ನು ಕರೆದಳು.

“ಬಾ ಇಲ್ಲಿ. ಮೆಟ್ಟಿಲ ಇಳದು ತೋರ್ಸು.”

ಹುಡುಗಿ ಕುಂಟುತ್ತ ಮೂರು ಮೆಟ್ಟಿಲು ಇಳಿದಳು. ಹೆಂಗಸು ಕಡ್ಡಿ ಹಿಡಿದುಕೊಂಡು ನಿಧಾನಕ್ಕೆ ಕಾಲು ತೆಗೆದಳು.