ಮೂರು ಊರಿಗೆ ಮಾರ್ಕ್ಸ್ ಹಾಕಿದ್ದು

ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ರಾತ್ರಿ ಶಿಫ್ಟ್ ಮುಗಿಸಿ ಬರುತ್ತಿದ್ದ ನಮ್ಮ ಯಜಮಾನರು ಬೈಕಿನ ಮೇಲೇ ತೂಕಡಿಸಿ ನಾಲೆ ಪಕ್ಕದ ಮಣ್ಣಿಗೆ ಬಿದ್ದರು. ಮೊಣಕೈ ತರಚಿತು, ಅಷ್ಟೇ. ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಈಗಿರುವ ಕೊತ್ತತ್ತಿಯಲ್ಲೇ ಇರುವುದೋ, ಮಂಡ್ಯಕ್ಕೆ ಹೋಗಿ ಮನೆ ಮಾಡುವುದೋ, ಮದ್ದೂರಿಗೋ?

ನಾನು ಮಂಡ್ಯದಲ್ಲಿ ಟೀಚರ್. ತರಬೇತಿಯೊಂದರಲ್ಲಿ ಹೇಳಿಕೊಟ್ಟಂತೆ ಮೂರು ಊರಿಗೂ ಮಾರ್ಕ್ಸ್ ಹಾಕಿದೆ. ಯಜಮಾನರ ನಿದ್ದೆಗೆ ಇಷ್ಟು, ನನ್ನ ಬಸ್ಸಿಗೆ ಇಷ್ಟು, ಭಾರತೀನಗರದಲ್ಲಿ ಓದುವ ಮಗಳ ಕಾಲೇಜಿಗೆ ಇಷ್ಟು, ಅತ್ತೆಯ ಮಂಡಿನೋವಿಗೆ ಇಷ್ಟು. ಮದ್ದೂರು ಗೆದ್ದಿತು. ಆದರೂ ಸಮಾಧಾನವಿಲ್ಲ. ಮದ್ದೂರಾದರೆ ನಾನು ಬೆಳಗ್ಗೆ ಬೇಗ ಹೊರಡಬೇಕು. ಆಗ ತಿಂಡಿ ಮಾಡುವವರು ಅತ್ತೆ. ಅಲ್ಲಿ ನೋಡಿದ್ದು ಮಹಡಿ ಮನೆ. ಅವರ ಮಂಡಿಯ ಗತಿ? ಕೆಳಗಿನ ಮನೆ ಹಿಡಿದರೆ ರಸ್ತೆಯ ಸದ್ದಿಗೆ ಯಜಮಾನರಿಗೆ ಹಗಲು ನಿದ್ದೆಯಿಲ್ಲ. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತಿತ್ತು. ತಿದ್ದಿದೆ, ಅಳಿಸಿದೆ, ಮತ್ತೆ ತಿದ್ದಿದೆ.

"ನಿನಗೆ ಬೇಕಾದ ಊರು ಪಾಸಾಗೋಗಂಟ ತಿದ್ತಾನೇ ಇರ್ತೀಯ ಕಣಮ್ಮ," ಎಂದಳು ಮಗಳು. ಮಂಡ್ಯದ ಮೇಲೆ ನನಗೆ ಆಸೆಯಿತ್ತು; ನಿಜವನ್ನೇ ಹೇಳಿದಳೆಂದು ಸಿಟ್ಟು ಬಂತು.

ಅಷ್ಟರಲ್ಲಿ ಅತ್ತೆ ಮಳವಳ್ಳಿಯಲ್ಲಿರುವ ನಾದಿನಿಯ ಮನೆಗೆ ಹೋದರು. ನಮ್ಮ ಮನೆ ದಿಕ್ಕಾಪಾಲಾಯಿತು. ಎಬ್ಬಿಸುವವರಿಲ್ಲದೆ ಮಗಳಿಗೆ ಬಸ್ಸು ತಪ್ಪಿತು. ಯಜಮಾನರು ಶಿಫ್ಟ್ ಮುಗಿಸಿ ಬಂದಾಗ ಬಾಗಿಲು ತೆಗೆದು ಊಟಕ್ಕಿಡುವವರಿಲ್ಲ. ನಾನು ಶಾಲೆ ತಲುಪುವಷ್ಟರಲ್ಲಿ ಪ್ರಾರ್ಥನೆ ಮುಗಿದಿತ್ತು. ಮಾರ್ಕ್ಸ್ ಪಟ್ಟಿಯಲ್ಲಿ ಅತ್ತೆಗೆ ನಾನು ಕೊಟ್ಟಿದ್ದು ಒಂದೇ ಸಾಲು, ಮಂಡಿನೋವಿನದು. ಮಿಕ್ಕ ಸಾಲುಗಳಿಗೆಲ್ಲ ಮಾರ್ಕ್ಸ್ ಬಂದಿದ್ದೇ ಅವರು ಎದ್ದು ಓಡಾಡುತ್ತಿದ್ದುದರಿಂದ.

ಫೋನ್ ಮಾಡಿ, "ಯಾವಾಗ ಬರ್ತೀರತ್ತೆ?" ಎಂದೆ.

"ನಾಕು ದಿನ ಇದ್ದು ಬತ್ತೀನಿ ಬುಡವ್ವ. ಇಲ್ಲಿ ಯಾರ್ಗೂ ಬಾಗ್ಲು ತೆಗೆಯಂಗಿಲ್ಲ, ಬಸ್ಸಿಗೆ ಅಂತ ಎಬ್ಬಿಸಂಗಿಲ್ಲ. ಒತ್ತು ಮೂಡೋಗಂಟ ಮಲಗ್ತೀನಿ. ಇಂಗೆ ಮಲಗಿ ಎಷ್ಟು ವರ್ಸ ಆಗಿತ್ತೋ ಕಣವ್ವ."

ನಿದ್ದೆಗೆ ಎಲ್ಲಕ್ಕಿಂತ ಹೆಚ್ಚು ಮಾರ್ಕ್ಸ್ ಇಟ್ಟವಳು ನಾನೇ. ಆದರೆ ಈ ಮನೆಯಲ್ಲಿ ಇನ್ನೊಬ್ಬರಿಗೂ ನಿದ್ದೆ ಬೇಕು ಅನ್ನುವುದು ತಲೆಗೇ ಬಂದಿರಲಿಲ್ಲ. ಬೇಗ ಬನ್ನಿ ಎನ್ನಲು ಫೋನ್ ಮಾಡಿದ್ದವಳು, "ಇನ್ನೂ ಒಂದು ವಾರ ಇರಿ ಅತ್ತೆ," ಎಂದೆ.

ಫೋನಿಟ್ಟು ಅಪ್ಪ ಮಗಳಿಬ್ಬರನ್ನೂ ಅಡುಗೆಮನೆಗೆ ಕರೆದೆ. ಊರಿನ ಮಾತು ಆಮೇಲೆ, ನಾಳೆ ಬೆಳಗ್ಗೆ ಮೊದಲು ಏಳುವವರು ಯಾರು ಎಂದು ಕೇಳಿದೆ. ಇಬ್ಬರೂ ನನ್ನತ್ತಲೇ ಕೈ ತೋರಿಸಿದರು.