ಹಿನ್ನೀರು ಇಳಿದಾಗ ಕಂಡ ಮನೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕಡೆ ಹುಡುಕಿದರೂ, ದುಡ್ಡಿಲ್ಲದೆ ಸಂಸಾರವನ್ನು ಊರು ಸುತ್ತಿಸುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಬೇಸಿಗೆಯಲ್ಲಿ ಭದ್ರಾ ಹಿನ್ನೀರು ಇಳಿದರೆ, ಅಣೆಕಟ್ಟು ಕಟ್ಟಿದಾಗ ಮುಳುಗಿದ ಮನೆಗಳ ಅಡಿಪಾಯ ಎದ್ದು ಕಾಣುತ್ತದೆ. ಟಿಕೆಟ್ಟಿಲ್ಲ, ಕಾವಲಿಲ್ಲ. ಒಂದು ವರ್ಷ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ಅಂಥದೊಂದು ಅಡಿಪಾಯದ ಮೇಲೆ ಬುತ್ತಿ ಬಿಚ್ಚಿದೆ.

"ಈ ಕಲ್ಲು ನೋಡೋಕೆ ಇಷ್ಟು ದೂರ ನಡೆಸಿದ್ರಾ?" ಅಂದಳು ಹೆಂಡತಿ.

"ಕಲ್ಲಲ್ಲ ಕಣೇ, ಅರಮನೆ! ಮೇಲೊಂದು ಮಾಳಿಗೆ ಇತ್ತು. ಯಜಮಾನರು ನನ್ನನ್ನು ಕೂರಿಸಿ ಊಟ ಹಾಕಿದ್ದಾರೆ" ಅಂದೆ.

ಪಕ್ಕದಲ್ಲಿ ವಯಸ್ಸಾದ ಸಾಬರೊಬ್ಬರು ಮೊಮ್ಮಕ್ಕಳ ಜೊತೆ ನಿಂತಿದ್ದರು. "ಇದು ನಮ್ಮನೆ ಮಾರಾಯ್ರೇ" ಅಂದರು.

ಹೆಂಡತಿ ನನ್ನ ಮುಖ ನೋಡಿದಳು. ಆ ಮನೆ ಯಾರದೆಂದೇ ನನಗೆ ಗೊತ್ತಿರಲಿಲ್ಲ.

ಅಷ್ಟು ಹೊತ್ತು ವಾಪಸ್ ಹೋಗೋಣ ಎಂದು ರಗಳೆ ಮಾಡುತ್ತಿದ್ದ ಅವರ ಮೊಮ್ಮಕ್ಕಳು ಈಗ ಬಾಯಿ ಬಿಟ್ಟುಕೊಂಡು ಆ ಕಲ್ಲುಗಳನ್ನೇ ನೋಡುತ್ತಿದ್ದವು. ಸಾಬರು ಅದನ್ನು ಗಮನಿಸಿದರು.

"ಕೇಳಿದ್ರಾ ಮಕ್ಳೇ? ನಾ ಹೇಳಿದ್ರೆ ನಂಬಲ್ಲ ನೀವು. ಇವರು ನಮ್ಮನೇಲಿ ಉಂಡವರು" ಅಂದರು.

ನನಗೆ ಜೀವ ಬಂತು. "ಮಾಳಿಗೆಗೆ ತೇಗದ ಮೆಟ್ಟಿಲು, ಅಲ್ವಾ ಸಾಬ್ರೇ?"

"ಎಂತ ಮರೆವು ಮಾರಾಯ್ರೇ ನಿಮಗೆ! ಮಾಳಿಗೆ ಎರಡಿತ್ತಲ್ಲ!"

ಎರಡು ಮನೆಯ ಮಕ್ಕಳೂ ಕತ್ತೆತ್ತಿ ಆಕಾಶ ನೋಡಿದವು. ಅಂಥವರ ಮನೆಯಲ್ಲಿ ನಿಜವಾಗಿ ಉಣ್ಣದೆ ಉಳಿದೆನಲ್ಲ, ಅದೊಂದೇ ನನಗೆ ಕೊರಗು.