ಮಲ್ಲಣ್ಣ ನನ್ನ ರೂಮ್‌ಮೇಟ್

ಜೋಗೇಶ್ವರಿಯ ಚಾಳಿಗೆ ಬಂದ ಮೊದಲ ಮುಂಜಾನೆ ನನಗೆ ತೋರಿಸಿದ ಹಾಸಿಗೆ ಇನ್ನೂ ಬೆಚ್ಚಗಿತ್ತು. ಆಗಷ್ಟೇ ಎದ್ದು ಹೋದವನ ಬೆವರು ದಿಂಬಿಗೆ ಹತ್ತಿತ್ತು. ಹೇಸಿಕೆಯಾಯಿತು, ಆದರೂ ಮಲಗಿದೆ. ಹಗಲು ಪಾಳಿಯ ಮಲ್ಲಣ್ಣನಿಗೂ ವಿಕ್ರೋಳಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವ ನನಗೂ ಅದೊಂದೇ ಮಂಚ.

ಮಲ್ಲಣ್ಣ ಮುದ್ದೇಬಿಹಾಳದ ಕಡೆಯವನು, ನಾನು ಸಿಂದಗಿಯ ಕಡೆಯವನು. ಬಂಧುಗಳಲ್ಲ, ಬೀಗರಲ್ಲ. ಮುಂಬೈಯಲ್ಲಿ ನಮ್ಮಂಥವರಿಗೆ ಎಲ್ಲರೂ ಕರೆಯುವ ಹೆಸರು ರೂಮ್‌ಮೇಟ್. ಖೋಲಿ ಎನ್ನುವ ಒಂದು ಕೋಣೆಯ ಬಾಡಿಗೆ, ಸ್ಟವ್, ಕನ್ನಡಿ ಹಂಚಿಕೊಂಡವನು ಎಂದಷ್ಟೇ ಅದರ ಅರ್ಥ. ಕನ್ನಡದಲ್ಲಿ ಇದಕ್ಕೇನನ್ನಬೇಕೋ ನನಗಂತೂ ಹೊಳೆದಿಲ್ಲ. ನಮ್ಮ ಕಡೆ ನಾಲ್ಕು ದಿನ ಜೊತೆಗೆ ಉಂಡವನು ಅಣ್ಣನೋ ಕಾಕಾನೋ ಆಗಿಬಿಡುತ್ತಾನೆ.

ನಾವಿಬ್ಬರೂ ಒಟ್ಟಿಗೆ ಎಚ್ಚರವಾಗಿರುತ್ತಿದ್ದುದು ರವಿವಾರ ಮಾತ್ರ. ಅಂದು ಅವನು ರೊಟ್ಟಿ ಬಡಿಯುತ್ತಿದ್ದ. ನಾನು ಬಡಿದರೆ, "ತಮ್ಮಾ, ರೊಟ್ಟಿ ಮಾಡಾಕತ್ತೀಯೋ, ಭೂಪಟ ಬರ್ಯಾಕತ್ತೀಯೋ?" ಎಂದು ನಗುತ್ತಿದ್ದ.

ಒಂದು ಮಳೆಗಾಲದ ಮಧ್ಯಾಹ್ನ ಅವನನ್ನು ಜೊತೆಗೆ ಕೆಲಸ ಮಾಡುವವರು ಹೊಟ್ಟೆನೋವೆಂದು ಖೋಲಿಗೆ ಹೊತ್ತು ತಂದರು. ಆಸ್ಪತ್ರೆಗೆ ಒಯ್ದೆ. ಒಳಗೆ ಕರುಳು ಒಡೆದಿದೆ, ಈಗಲೇ ಕೊಯ್ಯಬೇಕು, ಉಳಿಯುವ ಭರವಸೆಯಿಲ್ಲ, ಸಂಬಂಧಿಕರ ಸಹಿ ಬೇಕು ಎಂದರು ಡಾಕ್ಟರು.

"ಕೌನ್ ಹೋ? ಸಗಾ ಯಾ ರೂಮ್‌ಮೇಟ್?" ಎಂದ ಗುಮಾಸ್ತ. ಸಗಾ ಎಂದರೆ ರಕ್ತಸಂಬಂಧಿ. "ರೂಮ್‌ಮೇಟ್ ಕಾ ಸೈನ್ ನಹೀಂ ಚಲೇಗಾ." ರೂಮ್‌ಮೇಟನ ಸಹಿ ನಡೆಯುವುದಿಲ್ಲವಂತೆ.

ಅವನ ಅಣ್ಣ ಊರಿಂದ ಬರುವುದೆಂದರೆ ಎರಡು ದಿನದ ಮಾತು. ಮಲ್ಲಣ್ಣ ನನ್ನ ಕೈ ಬಿಗಿಯಾಗಿ ಹಿಡಿದು, "ತಮ್ಮ ಅಂತ ಹೇಳೋ" ಎಂದ.

"ಭಾಯಿ ಹೂಂ" ಎಂದು ಸಹಿ ಹಾಕಿದೆ. ಇಂದು ಕೇಳಿದರೂ ಹಾಕುತ್ತೇನೆ. ಮರುದಿನ ಅವನು ಹೋಗಿಬಿಟ್ಟ.

ತಂತಿ ಸಿಕ್ಕಿ ಅವನ ಅಣ್ಣ ಗುರಪ್ಪ ಮನೆಯವರನ್ನು ಕರೆದುಕೊಂಡು ಬಂದಿಳಿದ. ನಡೆದುದನ್ನೆಲ್ಲ ಕೇಳಿ, "ನನ್ನ ತಮ್ಮನ್ನ ಕೊಯ್ಯಾಕ ಸಹಿ ಹಾಕಾಕ ನೀ ಯಾರಪಾ?" ಎಂದ.

"ತಡಾ ಮಾಡಿದ್ರ ಉಳಿಯೂದಿಲ್ಲ ಅಂದ್ರರಿ, ಅಣ್ಣಾರ."

"ಈಗ ಉಳದಾನೇನು?"

ಸಂಕಟದಲ್ಲಿದ್ದವನ ಜೊತೆ ಏನು ವಾದ?

ನಮ್ಮಲ್ಲಿ ಸುಡುವುದಿಲ್ಲ, ಕುಳ್ಳಿರಿಸಿ, ವಿಭೂತಿ ಇಟ್ಟು ಮಣ್ಣು ಮಾಡುತ್ತಾರೆ. ಊರಲ್ಲಾದರೆ ಜಮೀನಿನ ಬದುವಿನಲ್ಲೇ ಜಾಗವಿರುತ್ತದೆ. ಇಲ್ಲಿ ಜಾಗ ಹುಡುಕಲು ಅರ್ಧ ದಿನ ಅಲೆದೆವು. ಮೊದಲು ಮನೆಯವರು ಮಣ್ಣು ಹಾಕಿದರು. ನಾನೂ ಬಗ್ಗಿದೆ. ಗುರಪ್ಪ ನನ್ನ ಮುಂಗೈ ಹಿಡಿದು, "ನೀ ಬ್ಯಾಡ" ಎಂದ. ಚಾಳಿನವರೆಲ್ಲರ ಎದುರಿಗೆ ಹಿಂದೆ ಸರಿದು ನಿಂತೆ.

ಅವರನ್ನು ಸ್ಟೇಷನ್ನಿನಲ್ಲಿ ಗಾಡಿ ಹತ್ತಿಸಿದ ಮೇಲೆ ಒಬ್ಬನೇ ಮರಳಿ ಹೋದೆ. ಮಳೆಗೆ ಮಣ್ಣು ಕೆಸರಾಗಿತ್ತು. ಒಂದು ಹಿಡಿ ತೆಗೆದು ಹಾಕಿ, ಗಟ್ಟಿಯಾಗಿ ಅತ್ತೆ.

ವರ್ಷಗಳಾದವು. ಸಾಕಿನ್ನು ಮುಂಬೈ, ಊರಿಗೆ ಬಂದುಬಿಡು, ಅಲ್ಲಿ ನಿನಗೆ ಯಾರಿದ್ದಾರೆ ಎಂದು ಊರಲ್ಲಿರುವ ನೀವೆಲ್ಲ ಕೇಳುತ್ತೀರಿ. ಬರಬೇಕೆಂದು ನನಗೂ ಆಸೆಯಿದೆ. ನಾನು ಬಂದುಬಿಟ್ಟರೆ ಅವನ ಮಣ್ಣಿನ ಹತ್ತಿರ ಹೋಗುವವರು ಈ ಮುಂಬೈಯಲ್ಲಿ ಯಾರೂ ಇರುವುದಿಲ್ಲ.